ಕುಂಕುಮ ತಾಗಿದ ಕಡಲಕ್ಕಿ

ನನ್ನ ಪೆನ್ಸಿಲನ್ನು ಎರಡೂ ಕಡೆ ಕೆತ್ತಿದ್ದೇನೆ. ಒಂದು ತುದಿ ಮುರಿದರೆ ಇನ್ನೊಂದು ಇರಲಿ ಎಂದು. ಚಿಕ್ಕಂದಿನಲ್ಲಿ ಹೀಗೆ ಮಾಡಿದಾಗಲೆಲ್ಲ ಅಜ್ಜಿ ಬೈಯುತ್ತಿದ್ದರು. ಪೆನ್ಸಿಲಿಗೆ ಎರಡು ಮೊನೆ ಇದ್ದರೆ ಆ ಮನೆಗೆ ಆಗಿಬರುವುದಿಲ್ಲವಂತೆ. ಯಾಕಜ್ಜಿ ಎಂದು ಕೇಳಿದರೆ, "ಯಾಕೆ ಅಂದ್ರೆ? ಆಗಲ್ಲ ಅಂದ್ರೆ ಆಗಲ್ಲ" ಎಂದು ಮುಗಿಸಿಬಿಡುತ್ತಿದ್ದರು.

ಕಳೆದ ವಾರ ಸ್ಕೂಟರಿನ ಡಿಕ್ಕಿ ಒರೆಸುವಾಗ ಅಂಥದ್ದೊಂದು ತುಂಡು ಪೆನ್ಸಿಲ್ ಸಿಕ್ಕಿತು. ಕಿರುಬೆರಳಿನಷ್ಟು ಉದ್ದ. ಎಸೆಯಲು ಹೋದವಳು ನಿಂತೆ. ನಾನು ಸುಲಭಕ್ಕೆ ಏನನ್ನೂ ಎಸೆಯುವವಳಲ್ಲ ಎಂಬುದು ಬೇರೆ ಮಾತು, ಅಮ್ಮನನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಈ ಪೆನ್ಸಿಲಿನಿಂದಲೇ ನಾನು ಒಂದು ಹಕ್ಕಿಯ ಬಗ್ಗೆ ತಪ್ಪು ಬರೆದದ್ದು. ತಪ್ಪು ಎಂದರೆ ಒಂದೇ ಒಂದು ಪದ.

ನಾನು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಕೊಳವೆಬಾವಿಯ ನೀರು, ಟ್ಯಾಂಕರ್ ನೀರು, ಅಪಾರ್ಟ್‌ಮೆಂಟಿನ ಸಂಪಿನ ನೀರು ಸೀಸೆಗಳಲ್ಲಿ ಬರುತ್ತವೆ. ಎಲ್ಲಿಯದು, ಯಾವಾಗಿನದು, ಯಾರು ತುಂಬಿದ್ದು ಎಂಬ ಚೀಟಿ ಇಲ್ಲದ ಸೀಸೆಯನ್ನು ನಾವು ಮುಟ್ಟುವುದೂ ಇಲ್ಲ. ಈ ಅಭ್ಯಾಸ ಮನೆಯವರೆಗೂ ಬಂದಿದೆ. ಅಡುಗೆಮನೆಯ ಡಬ್ಬಿಗಳಿಗೆಲ್ಲ ನಾನು ಚೀಟಿ ಅಂಟಿಸಿದ ಮೇಲೆ ಅಮ್ಮ ಬೇಕೆಂದೇ ಸಾಸಿವೆ ಡಬ್ಬಿಯಲ್ಲಿ ಜೀರಿಗೆ ಹಾಕಿಡುತ್ತಾಳೆ. "ನಲವತ್ತು ವರ್ಷದಿಂದ ಒಗ್ಗರಣೆ ಹಾಕ್ತಾ ಇದೀನಿ, ನನಗೆ ಸಾಸಿವೆ ಯಾವುದು ಅಂತ ನೀನು ಬರೆದು ಹೇಳ್ಬೇಕಾ?"

ಇಂಥವಳಿಗೆ ಹಕ್ಕಿ ನೋಡುವ ಹುಚ್ಚು ಹತ್ತಿದ್ದು ಆಶ್ಚರ್ಯವೇನಲ್ಲ. ಆ ಹುಚ್ಚಿನಲ್ಲಿ ಬರೆದುಕೊಳ್ಳುವುದೇ ಮುಕ್ಕಾಲು ಪಾಲು. ಮಾತಾಡುವಂತಿಲ್ಲ ಎಂಬುದು ಅದರ ಇನ್ನೊಂದು ಸುಖ. ಭಾನುವಾರ ನಸುಕಿನಲ್ಲಿ ಕುತ್ತಿಗೆಗೆ ದುರ್ಬೀನು ಹಾಕಿಕೊಂಡು ಬಸವೇಶ್ವರನಗರದ ನಮ್ಮ ಬೀದಿ ದಾಟುವುದೇ ಒಂದು ಪರೀಕ್ಷೆ. ಎದುರು ಮನೆಯ ಆಂಟಿ ರಂಗೋಲಿ ಹಾಕುತ್ತಾ ತಲೆ ಎತ್ತುತ್ತಾರೆ. ಅಮ್ಮ ಅವರಿಗೆ, "ಅವಳಿಗೆ ಭಾನುವಾರನೂ ಡ್ಯೂಟಿ ಕಣ್ರೀ, ಪಾಪ" ಎಂದು ಹೇಳಿಬಿಟ್ಟಿದ್ದಾಳೆ. ಮಗಳು ಕೆರೆ ದಂಡೆಯಲ್ಲಿ ಕುಳಿತು ಬಾತುಕೋಳಿ ಎಣಿಸುತ್ತಾಳೆ ಎನ್ನುವುದಕ್ಕಿಂತ ಸಂಬಳವಿಲ್ಲದ ಡ್ಯೂಟಿಯೇ ಅವಳಿಗೆ ಮರ್ಯಾದೆ. ನಾನೂ ತಿದ್ದಲು ಹೋಗಿಲ್ಲ. ಆ ಆಂಟಿ ಈಗ ನನ್ನನ್ನು ಕಂಡರೆ ಕನಿಕರದಿಂದ ನಗುತ್ತಾರೆ.

ಭಾನುವಾರ ಸಂಜೆ ನಾವೊಂದು ಐದು ಜನ ರಾಜಾಜಿನಗರದ ಪುಟ್ಟಸ್ವಾಮಿ ಮೇಷ್ಟ್ರ ಮನೆಯಲ್ಲಿ ಸೇರುತ್ತೇವೆ. ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದವರು, ನಿವೃತ್ತರಾಗಿ ಎಷ್ಟೋ ವರ್ಷವಾಯಿತು. ಮಾಗಡಿ ರಸ್ತೆಯಲ್ಲಿ ಊರು ದಾಟಿ ಹೋದರೆ ಸಿಗುವ ಜಲಾಶಯದ ಹಕ್ಕಿಗಳನ್ನು ಒಂದು ಕಾಲದಲ್ಲಿ ಪ್ರತಿವಾರ ಸೈಕಲ್ಲಿನಲ್ಲಿ ಹೋಗಿ ನೋಡಿ ಬರುತ್ತಿದ್ದರು. ಈಗ ಮಂಡಿ ಕೇಳುವುದಿಲ್ಲ. ನಾವು ನೋಡುತ್ತೇವೆ, ಅವರು ಮನೆಯಲ್ಲಿ ಕುಳಿತು ಬರೆಯುತ್ತಾರೆ.

ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಅದನ್ನು ಹೇಳದೆ ನನ್ನ ಕಥೆ ಮುಂದೆ ಹೋಗುವುದಿಲ್ಲ. ಅಪರೂಪದ ಹಕ್ಕಿ ಕಂಡವರು ಅದರ ಹೆಸರು ಹೇಳಕೂಡದು. ಫೋಟೋ ತೋರಿಸಕೂಡದು. ಅಲ್ಲೇ ನಿಂತು, ಪುಸ್ತಕ ತೆರೆಯುವ ಮೊದಲು ಬರೆದುಕೊಂಡ ಟಿಪ್ಪಣಿಯನ್ನು ಮಾತ್ರ ಓದಬೇಕು. ಕೊಕ್ಕು ಹೀಗೆ, ಕಣ್ಣು ಹೀಗೆ, ರೆಕ್ಕೆ ಹೀಗೆ. ಕೇಳುತ್ತಾ ಕೇಳುತ್ತಾ ಮೇಷ್ಟ್ರು ಚಿತ್ರ ಬರೆಯುತ್ತಾರೆ. ಆಮೇಲೆ ಹಕ್ಕಿಗಳ ಪುಸ್ತಕ ತೆರೆದು ಹೋಲಿಸುತ್ತೇವೆ. ಚಿತ್ರ ಯಾವುದಾದರೂ ಹಕ್ಕಿಯಾದರೆ ಅದು ಕೆಂಪು ಬಟ್ಟೆಯ ರಟ್ಟಿನ ದೊಡ್ಡ ಪುಸ್ತಕಕ್ಕೆ ಸೇರುತ್ತದೆ, ಕೆಳಗೆ ನೋಡಿದವರ ಹೆಸರಿನೊಂದಿಗೆ. ಯಾರು ನೋಡಿದರೂ ಆಗಬಹುದು. ಜಲಾಶಯದ ಕಾವಲುಗಾರರೊಬ್ಬರು ಹೇಳಿ ಬರೆಸಿದ ಮೀನುಗೂಬೆಯೂ ಅದರಲ್ಲಿದೆ. ಆದರೆ ಪುಸ್ತಕ ನೋಡಿದ ಮೇಲೆ, "ಹೌದು ಸಾರ್, ಅದೂ ಇತ್ತು, ಈಗ ಜ್ಞಾಪಕ ಬಂತು" ಎನ್ನುವುದು ಮಾತ್ರ ನಡೆಯುವುದಿಲ್ಲ.

ನಮ್ಮ ಗುಂಪಿನ ಮಂಜು ಒಮ್ಮೆ ಹಾಗೆ ಸಿಕ್ಕಿಬಿದ್ದಿದ್ದ. ಮಂಜುಗೆ ನಾಯಂಡಹಳ್ಳಿಯಲ್ಲಿ ಬೈಕ್ ರಿಪೇರಿ ಗ್ಯಾರೇಜು ಇದೆ. ಕಣ್ಣು ಬಹಳ ಚುರುಕು, ಬರೆಯಲು ಸೋಮಾರಿತನ. ಅವನೊಂದು ಹದ್ದು ನೋಡಿ ಬಂದಿದ್ದ. ಚಿತ್ರ ಹದ್ದಿನವರೆಗೆ ಬಂತು, ಯಾವ ಹದ್ದು ಎನ್ನುವವರೆಗೆ ಬರಲಿಲ್ಲ. ಪುಸ್ತಕ ತೆರೆದದ್ದೇ, "ಸಾರ್, ಕಾಲಿನ ಬೆರಳ ತನಕ ಪುಕ್ಕ ಇತ್ತು ಸಾರ್, ದೇವ್ರಾಣೆ" ಎಂದ. ಎಲ್ಲರೂ ಪಾಪ ಬಿಡಿ ಎನ್ನುತ್ತಿದ್ದಾಗ ಬೇಡ ಎಂದವಳು ನಾನು. "ಪುಸ್ತಕ ನೋಡಿದ ಮೇಲೆ ಬಂದ ಜ್ಞಾಪಕಾನ ನಾವು ಸೇರಿಸಲ್ಲ ಅಲ್ವಾ ಸಾರ್?" ಎಂದಿದ್ದೆ. ಆ ಧ್ವನಿ ನನಗೆ ಈಗಲೂ ಕೇಳಿಸುತ್ತದೆ. ಲೇಬಲ್ ಇಲ್ಲದ ಸೀಸೆಯನ್ನು ವಾಪಸ್ ಕಳಿಸುವಾಗ ಬರುವ ಧ್ವನಿ ಅದು. ಅಂದಿನಿಂದ ಮಂಜು ನನ್ನನ್ನು ಮೇಡಂ ಎಂದು ಕರೆಯುತ್ತಾನೆ.

ದೊಡ್ಡ ಪುಸ್ತಕದಲ್ಲಿ ಒಂದು ಪುಟ ಖಾಲಿ ಇತ್ತು. ಮೇಲೆ ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ 'ಕಡಲಕ್ಕಿ' ಎಂಬ ತಲೆಬರಹ ಮಾತ್ರ. ಸಮುದ್ರ ದಂಡೆಯಲ್ಲಿ, ಮೀನು ಬಂದರಿನಲ್ಲಿ ಗುಂಪುಗುಂಪಾಗಿ ಕಿರುಚಾಡುವ ಆ ಬಿಳಿ ಹಕ್ಕಿ, ದಾರಿ ತಪ್ಪಿಯೋ ದಣಿದೋ ಎಂದಾದರೊಂದು ಚಳಿಗಾಲ ನಮ್ಮ ಜಲಾಶಯದಲ್ಲೂ ಇಳಿದೀತು ಎಂದು ಅವರು ಪುಸ್ತಕ ಶುರುಮಾಡಿದ ದಿನವೇ ಜಾಗ ಬಿಟ್ಟಿದ್ದರು. ಡಿಸೆಂಬರ್ ಬಂದರೆ ಸಾಕು, "ಏನ್ರಪ್ಪಾ, ನಮ್ಮ ನೆಂಟ್ರು ಬಂದ್ರಾ?" ಎಂದು ಕೇಳುತ್ತಿದ್ದರು. ಯಾರೂ ಬಂದಿರಲಿಲ್ಲ. ನಾನು ಎದೆಗೆ ಕೈಯಿಟ್ಟು ಹೇಳುತ್ತೇನೆ, ಬೇರೆ ಯಾವುದರಲ್ಲೂ ನನಗೆ ಅಷ್ಟು ಆಸೆ ಇರಲಿಲ್ಲ. ಆ ಪುಟದಲ್ಲಿ ಒಂದು ಕಡಲಕ್ಕಿ ಬರಬೇಕು, ಕೆಳಗೆ ನನ್ನ ಹೆಸರಿರಬೇಕು. ಇದನ್ನು ಯಾರಿಗೂ ಹೇಳಿರಲಿಲ್ಲ.

ಸಂಕ್ರಾಂತಿ ಕಳೆದ ಮೊದಲ ಭಾನುವಾರ ಅದು ಸಿಕ್ಕಿತು.

ಜಲಾಶಯದ ಹಿನ್ನೀರಿನ ಅಂಚಿನಲ್ಲಿ ಕೆಸರಿನ ಒಂದು ನಾಲಿಗೆ ನೀರಿನೊಳಕ್ಕೆ ಚಾಚಿಕೊಂಡಿದೆ. ಅದರ ಮೇಲೆ ಹೊಳೆ ರೀವಗಳು ಸಾಲಾಗಿ ಕುಳಿತಿದ್ದವು. ರೀವ ಎಂದರೆ ಕರಿಟೋಪಿ, ಹಳದಿ ಕೊಕ್ಕಿನ, ಸಪೂರ ಮೈಯ ನೀರಹಕ್ಕಿ, ನಮಗೆ ದಿನನಿತ್ಯದ್ದು. ಎಣಿಸುತ್ತಾ ಹೋದೆ. ಏಳು, ಎಂಟು, ಒಂಬತ್ತು. ಹತ್ತನೆಯದಕ್ಕೆ ಟೋಪಿ ಇರಲಿಲ್ಲ.

ದುರ್ಬೀನು ಕೆಳಗಿಳಿಸಿ ಕನ್ನಡಕ ಒರೆಸಿಕೊಂಡೆ. ಮತ್ತೆ ನೋಡಿದೆ. ಇಲ್ಲ, ಟೋಪಿ ಇಲ್ಲ. ರೀವಗಳಿಗಿಂತ ಮೈ ತುಂಬಿಕೊಂಡಿತ್ತು. ಕತ್ತನ್ನು ಭುಜದೊಳಗೆ ಹುದುಗಿಸಿಕೊಂಡು, ಚಳಿಗೆ ಶಾಲು ಹೊದ್ದು ಬಸ್ಸಿಗೆ ಕಾಯುವ ಹಿರಿಯರ ಹಾಗೆ ನಿಂತಿತ್ತು. ಸುತ್ತ ಇದ್ದ ರೀವಗಳು ಜಗಳವಾಡುತ್ತಿದ್ದರೂ ಅದಕ್ಕೆ ಸಂಬಂಧವೇ ಇಲ್ಲ. ಯಾಕೋ ಅದರ ಮೇಲೆ ತಕ್ಷಣ ವಿಶ್ವಾಸ ಹುಟ್ಟಿತು. ಮದುವೆಮನೆಗಳಲ್ಲಿ ನಾನೂ ಹಾಗೇ ನಿಂತಿರುತ್ತೇನೆ.

ಟಿಪ್ಪಣಿ ಪುಸ್ತಕದಲ್ಲಿ ಯಾವಾಗಿನಂತೆ ಗೆರೆ ಎಳೆದು ಒಂದೊಂದೇ ಅಂಗದ ಹೆಸರು ಬರೆದು ತುಂಬುತ್ತಾ ಹೋದೆ. ತಲೆ: ಬಿಳಿ, ಕಿವಿಯ ಬಳಿ ಮಚ್ಚೆ ಇಲ್ಲ. ಹಣೆ: ಇಳಿಜಾರು ಇರಬಹುದು, ಕತ್ತು ಹುದುಗಿಸಿಕೊಂಡಿದೆ, ಖಚಿತವಿಲ್ಲ. ಕೊಕ್ಕು: ಗಾಢ ಕೆಂಪು, ಉದ್ದ ಅಂದಾಜಿಗೆ ಸಿಗುತ್ತಿಲ್ಲ. ಬೆನ್ನು: ತಿಳಿ ಬೂದಿ. ಕಾಲು: ಕೆಂಪು. ಕಣ್ಣು: ದೂರ. ಅಷ್ಟರಲ್ಲಿ ಅದೊಮ್ಮೆ ರೆಕ್ಕೆ ಬಿಚ್ಚಿ ಮಡಚಿತು. ರೆಕ್ಕೆ: ತುದಿ ಕಪ್ಪು, ಮುಂದಿನ ಅಂಚಿನಲ್ಲಿ ಬಿಳಿ ಪಟ್ಟಿ.

ಎದೆ ಎಂದು ಬರೆದು ನಿಂತೆ.

ಎದೆ ಬಿಳಿಯಾಗಿರಲಿಲ್ಲ. ಬಿಸಿಲು ಅಡ್ಡಲಾಗಿ ಬೀಳುತ್ತಿತ್ತು, ಅದರಲ್ಲಿ ಎದೆಯ ಮೇಲೆ, ಹೊಟ್ಟೆಯವರೆಗೆ, ತೀರಾ ತೆಳುವಾದ ನಸುಗೆಂಪು. ಇದೆಯೋ ಇಲ್ಲವೋ ಎನ್ನುವಷ್ಟು, ಆದರೆ ಇತ್ತು. ಸುತ್ತ ನೋಡಿದೆ. ಹಕ್ಕಿ ನಿಂತ ಜಾಗದಿಂದ ನಾಲ್ಕು ಮಾರು ಆಚೆ ಒಂದು ಚಪ್ಪಡಿ ಕಲ್ಲಿತ್ತು. ಯಾರೋ ಗಂಗೆ ಪೂಜೆ ಮಾಡಿ ಹೋಗಿದ್ದರು. ಸೇವಂತಿಗೆ, ವೀಳ್ಯದೆಲೆ, ಒಡೆದ ತೆಂಗಿನಕಾಯಿಯ ಚಿಪ್ಪು. ಅರಿಶಿನ ಕುಂಕುಮ ಕಲ್ಲಿನಿಂದ ಇಳಿದು ಅಂಚಿನ ನೀರೆಲ್ಲ ಕೆಂಪಗಾಗಿತ್ತು. ಸರಿ, ಅರ್ಥವಾಯಿತು. ಹಕ್ಕಿ ಅಲ್ಲಿ ಮಿಂದಿದೆ, ಕುಂಕುಮ ತಾಗಿದೆ.

ನಮ್ಮ ಪ್ರಯೋಗಾಲಯದಲ್ಲಿ ಇದು ಮೊದಲ ಪಾಠ. ಸೀಸೆಯ ಹೊರಗೆ ಮೆತ್ತಿದ ಮಣ್ಣನ್ನು ನೀರಿನ ಗುಣ ಎಂದು ಬರೆಯಬಾರದು. ಹೊರಗಿನಿಂದ ಬಂದದ್ದನ್ನು ಒರೆಸಿ ಆಚೆ ಹಾಕಬೇಕು. ನಾನು ಒರೆಸಿ ಹಾಕಿದೆ. ಎದೆ: ಬಿಳಿ.

ಬಿಳಿಯ ಮೇಲಿನ ಗುಲಾಬಿ ಎಂದರೆ ಕಲೆ ಎಂದು ನನಗೆ ಅನ್ನಿಸಲು ಇನ್ನೂ ಹಳೆಯ ಕಾರಣವೊಂದಿರಬೇಕು. ಆರನೆಯ ಕ್ಲಾಸಿನಲ್ಲಿದ್ದಾಗ ಶನಿವಾರ ನಮಗೆ ಬಿಳಿ ಯೂನಿಫಾರ್ಮು. ಒಂದು ಶುಕ್ರವಾರ ಅಮ್ಮ ಅದನ್ನು ತನ್ನ ಹೊಸ ಕೆಂಪು ಸೀರೆಯ ಜೊತೆ ಒಂದೇ ಬಕೆಟ್ಟಿನಲ್ಲಿ ನೆನೆಸಿಬಿಟ್ಟಳು. ಬೆಳಿಗ್ಗೆ ತೆಗೆದರೆ ಇಡೀ ಅಂಗಿ, ಲಂಗ, ಕಾಲುಚೀಲ ಎಲ್ಲ ನಸುಗುಲಾಬಿ. ಒಂದೇ ಸಮನಾಗಿ, ಬಹಳ ಚೆಂದವಾಗಿ ಹಿಡಿದಿತ್ತು. ನೀಲಿ ಹಾಕಿ ನೋಡಿದಳು, ನೇರಳೆಯ ಕಡೆಗೆ ತಿರುಗಿತು. ಆವತ್ತು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತ ಇನ್ನೂರು ಬಿಳಿ ಮಕ್ಕಳ ನಡುವೆ ನಾನೊಬ್ಬಳು. ಪಿ.ಟಿ. ಮೇಷ್ಟ್ರು ಬೈಯಲಿಲ್ಲ. "ಯಾಕಮ್ಮಾ, ಇವತ್ತು ಬರ್ತ್‌ಡೇನಾ?" ಎಂದು ನಿಜವಾಗಿಯೂ ಕೇಳಿದರು. ನಾನು ಹೌದೆಂದೆ. ಆಮೇಲೆ ಇಡೀ ಕ್ಲಾಸು ಚಪ್ಪಾಳೆ ತಟ್ಟಿ ಹಾಡಿತು. ಇಷ್ಟು ವರ್ಷವಾದರೂ ಆ ಚಪ್ಪಾಳೆ ನೆನೆದರೆ ಕಿವಿ ಬಿಸಿಯಾಗುತ್ತದೆ.

ಇರಲಿ. ಹಕ್ಕಿಗೆ ಬರೋಣ. ಒಂಬತ್ತು ಗಂಟೆಯ ತನಕ ನೋಡುತ್ತಾ ಕುಳಿತಿದ್ದೆ. ಆಗಲೇ ಗುಂಪಿಗೆ ಒಂದು ಮೆಸೇಜು ಹಾಕಬೇಕಿತ್ತು. ಹಾಕಲಿಲ್ಲ. ಒಂದು ದಿನವಾದರೂ ಅದು ನನ್ನೊಬ್ಬಳದೇ ಆಗಿರಲಿ ಎನ್ನಿಸಿತು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಕೆಸರಿನ ಮೇಲೆ ಒಂದು ಕಡಲೆಪುರಿ ಬಿದ್ದಿರುವ ಹಾಗೆ ಬಂತು. ಮನೆಗೆ ಬಂದು ತಿಂಡಿ ತಿಂದು, ಸಂಜೆಯವರೆಗೆ ಯಾವ ಪುಸ್ತಕವನ್ನೂ ತೆರೆಯಲಿಲ್ಲ. ಆ ನಿಯಮ ಪಾಲಿಸಿದ ಹೆಮ್ಮೆಯೂ ನನಗಿತ್ತು ಎಂದು ಈಗ ನಗು ಬರುತ್ತದೆ.

ಸಂಜೆ ಮೇಷ್ಟ್ರ ಮನೆಯ ನಡುಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ನೆನೆಸಿದ ಅವರೆಕಾಳು ಇತ್ತು. ಆ ತಿಂಗಳು ಅವರ ಮನೆಗೆ ಹೋದವರಾರೂ ಸುಮ್ಮನೆ ಕೂರುವಂತಿಲ್ಲ. ಮೇಷ್ಟ್ರ ಹೆಂಡತಿ ಸರೋಜಮ್ಮ ಆಂಟಿ ಎಲ್ಲರ ಮುಂದೆ ಒಂದೊಂದು ತಟ್ಟೆ ತಳ್ಳುತ್ತಾರೆ. ಕಾಳನ್ನು ಎರಡು ಬೆರಳಿನಲ್ಲಿ ಹಿತುಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಂಗನೆ ಹಾರಬೇಕು. ಮಂಜು ಹಿತುಕಿದ್ದು ಒಮ್ಮೊಮ್ಮೆ ಮೇಷ್ಟ್ರ ಕನ್ನಡಕಕ್ಕೆ ಹೋಗಿ ಬೀಳುತ್ತದೆ.

"ಸಾರ್, ಇವತ್ತು ನಾನು ಒಂದು ಓದ್ಬೇಕು" ಎಂದೆ.

ಮೇಷ್ಟ್ರು ಕೈ ಒರೆಸಿಕೊಂಡು ಕಾಗದ ತೆಗೆದರು. "ಓದಮ್ಮ ಚಂದ್ರಿಕಾ."

ಓದಿದೆ. ರೀವಗಳ ಜೊತೆ ಕುಳಿತಿತ್ತು ಎನ್ನುತ್ತಲೇ ಅವರ ಹುಬ್ಬು ಮೇಲಕ್ಕೆ ಹೋಯಿತು. ಟೋಪಿ ಇಲ್ಲ ಎಂದಾಗ ಪೆನ್ಸಿಲು ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಕಾಗದದ ಮೇಲೆ ಬೆನ್ನು ಬಂತು, ರೆಕ್ಕೆ ಬಂತು, ಹುದುಗಿಸಿದ ಕತ್ತು ಬಂತು. ಅವರೆಕಾಳಿನ ಸದ್ದೂ ನಿಂತಿತ್ತು.

ಮಂಜು ಬಗ್ಗಿ ನೋಡಿ, "ಕಡಲಕ್ಕಿ!" ಎಂದು ಕೂಗಿಯೇಬಿಟ್ಟ. "ಬೆಳಿಗ್ಗೆನೇ ಒಂದು ಮೆಸೇಜ್ ಹಾಕಿದ್ರೆ ಏನಾಗ್ತಿತ್ತು ಮೇಡಂ? ಗ್ಯಾರೇಜ್ ಶಟರ್ ಎಳೆದು ಓಡಿ ಬರ್ತಿದ್ದೆ. ಒಬ್ರೇ ನೋಡಿ ಒಬ್ರೇ ಇಟ್ಕೊಂಡಿದೀರಲ್ಲ!"

"ಕಡಲಕ್ಕಿ ಅನ್ನೋದು ಆಯ್ತು" ಎಂದರು ಮೇಷ್ಟ್ರು. "ಯಾವ ಕಡಲಕ್ಕಿ ಅನ್ನೋದು ಬರ್ತಾ ಇಲ್ಲ. ಕರಿತಲೆಯದೇ ಅಂತ ಇಟ್ಕೊಳ್ಳೋಣ. ಅದು ಚಳಿಗಾಲದಲ್ಲಿ ಕರಿತಲೆ ಊರಲ್ಲೇ ಬಿಟ್ಟು ಬರುತ್ತೆ, ಕಿವಿ ಹತ್ರ ಒಂದು ಚುಕ್ಕಿ ಮಾತ್ರ ಇಟ್ಕೊಂಡಿರುತ್ತೆ. ಇವಳು ಚುಕ್ಕಿ ಇಲ್ಲ ಅಂತಾಳೆ." ಚಿತ್ರವನ್ನು ಬೆಳಕಿಗೆ ಹಿಡಿದರು. ಆಮೇಲೆ ಪೆನ್ಸಿಲಿನ ಹಿಂಭಾಗದಿಂದ ಚಿತ್ರದ ಎದೆಯನ್ನು ತಟ್ಟಿದರು. "ಎದೆ ಬಿಳಿ ಅಂದೆ. ಯಾವ ಬಿಳಿನಮ್ಮ? ರೀವದ ಬಿಳಿನಾ, ಬೆಳ್ಳಕ್ಕಿ ಬಿಳಿನಾ? ಕಾಗದಾನ ಹಾಗೇ ಬಿಟ್ಬಿಡ್ಲಾ?"

ನೋಡಿ, ಡ್ರಾಯಿಂಗ್ ಮೇಷ್ಟ್ರಿಗೆ ಮಾತ್ರ ಬರುವ ಪ್ರಶ್ನೆ. ನಾನು ನನ್ನ ಟಿಪ್ಪಣಿಯನ್ನೇ ಇನ್ನೊಮ್ಮೆ ನೋಡಿದೆ.

"ಏನಮ್ಮ?"

"ಸ್ವಲ್ಪ ಗುಲಾಬಿ ಇತ್ತು ಸಾರ್. ಅಲ್ಲಿ ಗಂಗೆ ಪೂಜೆ ಮಾಡಿದ್ರು, ಕುಂಕುಮ ತಾಗಿದೆ ಅಂದ್ಕೊಂಡು ಬರೀಲಿಲ್ಲ."

ಸರೋಜಮ್ಮ ಆಂಟಿ ನಕ್ಕರು. "ಅಷ್ಟು ದೂರದಿಂದ ಬಂದಿದೆ, ಕುಂಕುಮ ಕೊಡದೆ ಕಳ್ಸಕ್ಕಾಗುತ್ತೇನೇ?"

ಮೇಷ್ಟ್ರು ನಗಲಿಲ್ಲ. ಕೆಂಪು ಬಣ್ಣದ ಕಡ್ಡಿ ತೆಗೆದು ಬ್ಲೇಡಿನಿಂದ ಕೆರೆದು ಅಂಗೈಗೆ ಒಂದು ಚಿಟಿಕೆ ಪುಡಿ ಉದುರಿಸಿಕೊಂಡರು. ಬೆರಳಿಗೆ ತಗುಲಿಸಿ ಚಿತ್ರದ ಎದೆಯ ಮೇಲೆ ಮೆಲ್ಲಗೆ ಉಜ್ಜಿದರು. ಇನ್ನೊಮ್ಮೆ ಉಜ್ಜಿದರು. ಕಾಗದದ ಮೇಲೆ ನನ್ನ ಹಕ್ಕಿ ನಿಂತಿತ್ತು. ಬೆಳಿಗ್ಗೆ ನಾನು ನೋಡಿದ್ದು, ಬರೆಯದೆ ಬಿಟ್ಟದ್ದು.

ಮಂಜು ಹಕ್ಕಿಗಳ ಪುಸ್ತಕದ ಪುಟ ತಿರುವಿ ಒಂದು ಕಡೆ ಬೆರಳಿಟ್ಟ. ಸಪೂರ ಕೊಕ್ಕಿನ ಕಡಲಕ್ಕಿ. ಕಿವಿಯ ಬಳಿ ಮಚ್ಚೆ ಇಲ್ಲ, ಇದ್ದರೂ ಮಾಸಲು. ಹಣೆ ಇಳಿಜಾರು, ಕತ್ತು ಉದ್ದ. ಎದೆಯ ಪುಕ್ಕಕ್ಕೆ ಒಮ್ಮೊಮ್ಮೆ ತನ್ನದೇ ನಸುಗುಲಾಬಿಯ ಛಾಯೆ. ಕರಾವಳಿಯ ಉಪ್ಪುನೀರಿನ ಹಕ್ಕಿ. ಒಳನಾಡಿನಲ್ಲಿ ತೀರಾ ಅಪರೂಪ.

"ಗುಲಾಬಿ ಒಂದನ್ನೇ ನಂಬಕ್ಕಾಗಲ್ಲ" ಎಂದರು ಮೇಷ್ಟ್ರು. "ಕರಿತಲೆಯದಕ್ಕೂ ಒಂದೊಂದು ಸಲ ಬರುತ್ತೆ. ಆದ್ರೆ ಚುಕ್ಕಿ ಇಲ್ಲ, ಹಣೆ ಇಳಿಜಾರು ಇರಬಹುದು ಅಂತಾಳೆ, ಜೊತೆಗೆ ಗುಲಾಬಿ. ಮೂರೂ ಸೇರಿದ್ರೆ ಬೇರೆ ಏನು ಹೇಳಕ್ಕಾಗುತ್ತೆ?" ಎದ್ದು ಹೋಗಿ ಕೆಂಪು ರಟ್ಟಿನ ಪುಸ್ತಕ ತಂದರು. ಮಂಡಿ ನೋವಿನವರು ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. ಖಾಲಿ ಪುಟ ತೆರೆದು ಶಾಯಿ ಪೆನ್ನಿನ ಮುಚ್ಚಳ ಬಿಚ್ಚಿದರು. ಬಿಚ್ಚಿದವರು ಬರೆಯದೆ ನನ್ನ ಮುಖ ನೋಡಿದರು.

"ಬರೀರಿ ಸಾರ್" ಎಂದ ಮಂಜು. "ಮೇಡಂ ನೋಡಿದ್ರೆ ನೋಡಿದ ಹಾಗೇ."

"ಬರ್ಕೊಳ್ರೀ, ಹುಡುಗಿ ಸುಳ್ಳು ಹೇಳ್ತಾಳಾ?" ಎಂದರು ಆಂಟಿ.

ಮಂಜು ತನ್ನ ಹದ್ದಿನ ಮಾತೆತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು, ವಾದ ಮಾಡಬಹುದಿತ್ತು. ಅವನು ನಿಜವಾಗಿಯೂ ಸಂತೋಷದಿಂದ ಕುಳಿತಿದ್ದ. ಗುಲಾಬಿ ಎಂದು ನಾನು ಪುಸ್ತಕ ತೆರೆಯುವ ಮೊದಲೇ ಹೇಳಿದ್ದೆನಲ್ಲ ಎಂದು ಒಳಗೊಳಗೇ ಒಂದು ವಕೀಲಿಕೆ ಶುರುವಾಗಿತ್ತು. ಅದು ನಿಜವೂ ಹೌದು. ಆದರೆ ನಿಯಮ ಹೇಳಿದ್ದರ ಮೇಲಲ್ಲ, ಅಲ್ಲೇ ಬರೆದದ್ದರ ಮೇಲೆ. ನನ್ನ ಟಿಪ್ಪಣಿಯಲ್ಲಿ, ನನ್ನದೇ ಅಕ್ಷರದಲ್ಲಿ, ಬಿಳಿ ಎಂದಿತ್ತು.

"ಬೇಡ ಸಾರ್" ಎಂದೆ. "ನಾನು ಬರೆದಿರೋದು ಬಿಳಿ ಅಂತ."

ಮೇಷ್ಟ್ರು ಪೆನ್ನಿಗೆ ಮುಚ್ಚಳ ಹಾಕಿದರು. "ಇಷ್ಟು ವರ್ಷ ಕಾದಿದೆ ಪುಟ. ಇನ್ನೊಂದಷ್ಟು ಕಾಯುತ್ತೆ ಬಿಡಮ್ಮ." ಬೇಸರ ಮಾಡಿಕೊಂಡರೆಂದು ಅನ್ನಿಸಲಿಲ್ಲ. ಚಿತ್ರವನ್ನು ಮಾತ್ರ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದರು. ಆಂಟಿ ನನಗೆ ಡಬ್ಬಿಯಲ್ಲಿ ಹಿತಕಿದಬೇಳೆ ಸಾರು ಹಾಕಿಕೊಟ್ಟು, "ನಿನ್ನಂಥೋಳನ್ನ ಕಟ್ಕೊಳ್ಳೋನ ಗತಿ ಏನೇ!" ಎಂದರು. ಗೇಟಿನ ಬಳಿ ಮಂಜು ಬೈಕಿಗೆ ಕಿಕ್ ಹೊಡೆಯುತ್ತಾ, "ಅಂತೂ ನನ್ನ ಹದ್ದಿಗೆ ಜೊತೆ ಸಿಕ್ತು ಮೇಡಂ" ಎಂದು ಹಲ್ಲು ಬಿಟ್ಟ. ನನಗೂ ನಗು ಬಂತು. ಅವನ ಹದ್ದಿನ ವಿಷಯಕ್ಕೆ ಕ್ಷಮೆ ಕೇಳಬೇಕು ಎಂದುಕೊಂಡು, ಅವನ ಬೈಕಿನ ಹಿಂದಿನ ದೀಪ ಉರಿಯುತ್ತಿಲ್ಲ ಎಂದು ಹೇಳಿದೆ. ಅವನು ಅರ್ಥ ಮಾಡಿಕೊಂಡ ಎಂದೇ ನನ್ನ ನಂಬಿಕೆ.

ಮಾರನೆಯ ದಿನ ಬೆಳಿಗ್ಗೆ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಹೇಳಿ ಮತ್ತೆ ಹಿನ್ನೀರಿಗೆ ಹೋದೆ. ಮಾಗಡಿ ರಸ್ತೆಯಲ್ಲಿ ಮಂಜಿತ್ತು, ಬೆರಳುಗಳು ಮರಗಟ್ಟಿದ್ದವು. ಕೆಸರಿನ ನಾಲಿಗೆಯ ಮೇಲೆ ರೀವಗಳಿದ್ದವು. ಎರಡು ಸಲ ಎಣಿಸಿದೆ. ಎಲ್ಲಕ್ಕೂ ಟೋಪಿ ಇತ್ತು.

ಚಪ್ಪಡಿ ಕಲ್ಲಿನ ಪಕ್ಕ ಮೀನು ಹಿಡಿಯುವವರೊಬ್ಬರು ತೆಪ್ಪ ದಡಕ್ಕೆಳೆದು ಬಲೆಯಿಂದ ಮೀನು ಬಿಡಿಸುತ್ತಿದ್ದರು. ಐವತ್ತು ದಾಟಿದ ವಯಸ್ಸು, ತಲೆಗೆ ಮಫ್ಲರು. ಮೂರು ವರ್ಷದಿಂದ ಆ ದಡಕ್ಕೆ ಹೋಗುತ್ತಿದ್ದರೂ ಅಲ್ಲಿನ ಯಾರೊಬ್ಬರ ಹತ್ತಿರವೂ ನಾನು ಮಾತಾಡಿದವಳಲ್ಲ. ಹತ್ತಿರ ಹೋದೆ. ಪುಸ್ತಕ ನೋಡಿದವಳು ನಾನು. ನನ್ನ ಬಾಯಿಂದ ಬಣ್ಣದ ಮಾತು ಬರಕೂಡದು ಎಂದು ದಾರಿಯುದ್ದಕ್ಕೂ ಪ್ರಶ್ನೆಯನ್ನು ತೂಗಿ ತೂಗಿ ಸಿದ್ಧಮಾಡಿಕೊಂಡಿದ್ದೆ.

"ಅಣ್ಣ, ನೆನ್ನೆ ಈ ಹಕ್ಕಿಗಳ ಜೊತೆ ಬೇರೆ ಥರದ್ದು ಒಂದು ಇತ್ತಾ?"

"ಬೇರೆ ಥರ ಅಂದ್ರೆ?"

"ನೀವೇ ಹೇಳಿ."

ಅವರು ನನ್ನನ್ನು, ದುರ್ಬೀನನ್ನು, ಮತ್ತೆ ನನ್ನನ್ನು ನೋಡಿದರು. "ಫಾರೆಸ್ಟ್ ಆಫೀಸಿನೋರಾ?"

"ಅಲ್ಲ ಅಣ್ಣ. ಸುಮ್ನೆ."

"ಸೋಮವಾರ ಬೆಳಿಗ್ಗೆ ಸುಮ್ನೆ ಯಾರು ಇಲ್ಲಿಗೆ ಬರ್ತಾರಮ್ಮ?" ಎಂದು ನಕ್ಕು ಒಂದು ಮೀನನ್ನು ಬುಟ್ಟಿಗೆ ಹಾಕಿದರು. "ಇತ್ತು. ನೆನ್ನೆ ಸಂಜೆ ಎದ್ದಿದ್ದು ಮತ್ತೆ ಈ ಕಡೆ ಬಂದಿಲ್ಲ. ಚೂರು ಪಾರು ಮೀನು ಎಸೆದ್ರೆ ತೆಪ್ಪದ ಪಕ್ಕಕ್ಕೇ ಬರ್ತಿತ್ತು. ನಿಮ್ಮ ಈ ಮಿಶಿನ್ನು ಬೇಕಾಗಿರಲಿಲ್ಲ."

ಟಿಪ್ಪಣಿ ಪುಸ್ತಕ ತೆಗೆದೆ. "ಹೆಂಗಿತ್ತು ಹೇಳ್ತೀರಾ? ನಾನು ಬರ್ಕೋತೀನಿ."

"ಕೊಕ್ಕು ಉದ್ದ, ತೆಳ್ಳಗೆ. ಕೆಂಪು ಅಂದ್ರೆ ಕರೀಕೆಂಪು. ಕಣ್ಣು ಬೆಳ್ಳಗೆ, ಮೇಕೆ ಕಣ್ಣಿನ ಥರ. ಸುಮ್ನೆ ಕೂತಾಗ ಕತ್ತೇ ಇಲ್ಲ ಅನ್ನಂಗಿರುತ್ತೆ. ನಾನು ಹುಟ್ಟು ಎತ್ತಿದ ತಕ್ಷಣ ಹಿಂಗೆ ಇಷ್ಟುದ್ದ ಮಾಡ್ತು ನೋಡಿ, ಪಕ್ಕದ ಮನೆ ಕಾಂಪೌಂಡ್ ಇಣುಕೋರ ಥರ." ತೋರಿಸಲು ತಾವೂ ಕತ್ತು ಚಾಚಿದರು. "ಎದೆ ಮಾತ್ರ ಒಂಥರಾ ಬಣ್ಣ."

"ಒಂಥರಾ ಅಂದ್ರೆ ಅಣ್ಣ?"

ಬಲೆ ಕೆಳಗಿಟ್ಟು ಯೋಚಿಸಿದರು. "ಈರುಳ್ಳಿ ಇರುತ್ತಲ್ಲ, ಮೇಲಿಂದು ಕೆಂಪು ಸಿಪ್ಪೆ ಅಲ್ಲ. ಅದನ್ನ ಸುಲಿದ್ಮೇಲೆ ಒಳಗಡೆ ಒಂದು ತೆಳ್ಳಗೆ ಬರುತ್ತಲ್ಲ, ಅದರ ಬಣ್ಣ."

ಅದನ್ನೂ ಬರೆದುಕೊಂಡೆ. ಬರೆದು ಮುಗಿಸಿದ ಮೇಲೆ ಮಾತ್ರ ಕೇಳಿದೆ: "ಈ ಕುಂಕುಮದ ನೀರು ತಾಗಿರಬಹುದಾ?"

"ಪೂಜೆ ಮಾಡಿದ್ದು ನಮ್ಮನೆಯೋರೇ. ಶನಿವಾರ ಸಾಯಂಕಾಲ. ಹಕ್ಕಿ ಶುಕ್ರವಾರನೇ ಬಂದಿತ್ತು, ಅವತ್ತೂ ಅದೇ ಬಣ್ಣ." ಅವರಿಗೆ ಅದು ದೊಡ್ಡ ತಮಾಷೆಯಾಗಿ ಕಂಡಿತು. "ಕುಂಕುಮ ಅಂದ್ಕೊಂಡ್ರಾ?"

ಬರೆದದ್ದನ್ನೆಲ್ಲ ಅವರು ಹೇಳಿದ ಮಾತಿನಲ್ಲೇ ಓದಿ ಹೇಳಿದೆ. ಮೇಕೆ ಕಣ್ಣು, ಕಾಂಪೌಂಡ್, ಈರುಳ್ಳಿ, ಶುಕ್ರವಾರ. ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿ, ಕೊನೆಯಲ್ಲಿ, "ಕಾಲು ಬಿಟ್ರಲ್ಲ" ಎಂದರು.

"ಹೇಳಿ ಅಣ್ಣ."

"ಕೆಂಪು. ಬಾತುಕೋಳಿ ಥರ ಬೆರಳಿನ ಮಧ್ಯ ಚರ್ಮ."

ಬರೆದೆ. ಹೆಸರು ಕೇಳಿದೆ. "ಯಾಕೆ, ಕೇಸಾ?" ಎಂದರು. ಅಲ್ಲ, ನೋಡಿದವರ ಹೆಸರು ಬರೆಯುವುದು ನಮ್ಮ ಪದ್ಧತಿ ಎಂದೆ. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡು, ಬಸ್ ಪಾಸಿಗೆ ಹೇಳುವವರ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ನೋಡಿದವರು: ಮರಿಯಪ್ಪ. ಅದರ ಕೆಳಗೆ ಇನ್ನೊಂದು ಗೆರೆ ಎಳೆದು, ಬರೆದುಕೊಂಡವರು ಎಂದು ನನ್ನ ಹೆಸರು ಬರೆದೆ. ದಿನ, ಗಂಟೆ ಹಾಕಿದೆ. ಅವರು ಬೇಡವೆಂದರೂ ಬಲೆಯ ಒಂದು ತುದಿ ಹಿಡಿದು ಮಡಚಿಕೊಟ್ಟು, ರಾಜಾಜಿನಗರದ ಮೇಲೆ ಹೋಗಿ, ಮೇಷ್ಟ್ರಿಗೆ ಆ ಪುಟ ಓದಿ ಹೇಳಿಯೇ ಕೆಲಸಕ್ಕೆ ಹೋದೆ.